ಮುಂದೆ ಹೋದ ಗಾಡಿ: ಹೆಪ್ಪುಗಟ್ಟಿದ ಸರೋವರಗಳ ಮೇಲೆ ವಾಹನ ಓಡಿಸುವುದರ ಅಪಾಯ

(ಐರ್ಲೆಂಡಿನ ಡ್ರೋಹೆಡಾದಲ್ಲಿ ಕನ್ನಡಿಗರ ಮುಂದೆ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ವಚನ ಸಾಹಿತ್ಯವೋ ಕುಮಾರವ್ಯಾಸನೋ ಇರುತ್ತದೆಂದು ಬಂದವರ ಕ್ಷಮೆ ಕೇಳಿ ಶುರು ಮಾಡುತ್ತೇನೆ. ಹೊರನಾಡಿನಲ್ಲಿ ಬದುಕುವವರಿಗೆ ಉಪಯೋಗವಾಗುವ ಯಾವ ವಿಷಯವಾದರೂ ಸರಿ ಎಂದು ದಾನಿಗಳು ಬರೆದಿಟ್ಟಿದ್ದಾರೆ. ಆ ಒಂದು ಸಾಲಿನ ಬಲದ ಮೇಲೆ, ನಾನು ಬಲ್ಲ ವಿಷಯಕ್ಕೆ ಹತ್ತಿರದ್ದನ್ನೇ ಆರಿಸಿಕೊಂಡಿದ್ದೇನೆ. ವೃತ್ತಿಯಿಂದ ನಾನು ಸಿವಿಲ್ ಎಂಜಿನಿಯರು. ಸೇತುವೆ, ಮೋರಿಗಳ ಲೆಕ್ಕ ಹಾಕುತ್ತ ಬಂದವನು. ಹೆಪ್ಪುಗಟ್ಟಿದ ಸರೋವರವೂ ಒಂದು ಸೇತುವೆಯೇ. ಆದರೆ ಅದಕ್ಕೆ ನಕ್ಷೆಯಿಲ್ಲ, ಕಂಬವಿಲ್ಲ, ಎಷ್ಟು ಟನ್ ತಾಳುತ್ತದೆಂದು ಬರೆದ ಫಲಕವೂ ಇಲ್ಲ.

ಡ್ರೋಹೆಡಾದಲ್ಲಿ ನಿಂತು ಈ ಮಾತೇಕೆ? ಇಲ್ಲಿಯ ನಮ್ಮ ಕುಟುಂಬಗಳು ಕ್ರಿಸ್‌ಮಸ್ ರಜೆಗೆ ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡಿಗೆ ಹೋಗುತ್ತವೆ. ಅಣ್ಣನೋ ತಂಗಿಯೋ ಮಿನೆಸೋಟದಲ್ಲೋ ಮ್ಯಾನಿಟೋಬದಲ್ಲೋ ಇರುತ್ತಾರೆ. ಊರಿಗೆ ಹೋದ ಹುಡುಗರು ಬೆಂಗಳೂರಿನಿಂದ ಲಡಾಖಿಗೆ ಹೊರಟು ಪ್ಯಾಂಗಾಂಗ್ ಸರೋವರದ ದಡದಲ್ಲಿ ನಿಲ್ಲುತ್ತಾರೆ. ಅಲ್ಲೆಲ್ಲ ಬಿಳಿಯ ಬಯಲೊಂದು ಕಣ್ಣಿಗೆ ಬೀಳುತ್ತದೆ, ಅದರ ಮೇಲೆ ಯಾರದೋ ಟೈರಿನ ಗುರುತು ಇರುತ್ತದೆ. ನಮ್ಮ ಹಿರಿಯರಿಗೆ ನೀರಿನ ತಿಳಿವಳಿಕೆ ಕಡಿಮೆಯಿರಲಿಲ್ಲ. ಕೆರೆಯ ಏರಿ ಎಲ್ಲಿ ಜಿನುಗುತ್ತಿದೆ, ಕೋಡಿ ಯಾವಾಗ ಬೀಳುತ್ತದೆ, ಹೊಳೆಯ ಯಾವ ಮಡುವಿನಲ್ಲಿ ಸುಳಿಯಿದೆ ಎಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು. ಮಂಜುಗಡ್ಡೆಯ ವಿಷಯದಲ್ಲಿ ಅಂಥ ಯಾವ ಬಳುವಳಿಯೂ ನಮಗಿಲ್ಲ. ಇಲ್ಲವೆಂದು ಗೊತ್ತಿದ್ದರೆ ಕಲಿಯಬಹುದು.

ಮೊದಲು ನಾವಿರುವ ನೆಲವನ್ನೇ ನೋಡೋಣ. ಡ್ರೋಹೆಡಾ ಇರುವುದು ಉತ್ತರ ಅಕ್ಷಾಂಶ 53.7 ಡಿಗ್ರಿಯಲ್ಲಿ. ಕೆನಡಾದ ವಿನಿಪೆಗ್ ನಮಗಿಂತ ದಕ್ಷಿಣದಲ್ಲಿ, 49.9ರಲ್ಲಿದೆ. ಆದರೂ ವಿನಿಪೆಗ್ ಸರೋವರ ಪ್ರತಿ ವರ್ಷ ಕಲ್ಲಾಗುತ್ತದೆ. ನಮ್ಮ ಬಾಯ್ನ್ ನದಿಗೆ ನೀರು ಕೊಡುವ ಕ್ಯಾವನ್ ಜಿಲ್ಲೆಯ ಲಾಖ್ ರೇಮರ್ ಸರೋವರ ಮಾತ್ರ ಹೆಚ್ಚಿನ ವರ್ಷಗಳಲ್ಲಿ ಅಂಚಿಗೊಂದಿಷ್ಟು ತೆಳು ಪದರ ಕಟ್ಟಿ ಕರಗಿಬಿಡುತ್ತದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ, ಅದರ ಮೇಲಿಂದ ಬೀಸುವ ಪಡುವಣ ಗಾಳಿ ಈ ದ್ವೀಪವನ್ನು ಕಾಯುತ್ತಿವೆ. ಅದೇ ಕಾರಣಕ್ಕೆ ಐರ್ಲೆಂಡಿನ ಮಂಜುಗಡ್ಡೆ ಸೈಬೀರಿಯದ ಮಂಜುಗಡ್ಡೆಗಿಂತ ಅಪಾಯಕಾರಿ. ಅದು ಅಪರೂಪಕ್ಕೆ ಬರುತ್ತದೆ, ಬಂದಾಗ ಜನಕ್ಕೆ ಅಚ್ಚರಿಯಾಗುತ್ತದೆ, ಗಟ್ಟಿಯಾಗುವ ಮುಂಚೆ ಹೊರಟುಹೋಗುತ್ತದೆ.

ಈ ನಾಡು ಗಟ್ಟಿ ಮಂಜುಗಡ್ಡೆಯನ್ನು ಕಂಡಿದ್ದೂ ಉಂಟು. 1739ರ ಡಿಸೆಂಬರ್ ಕೊನೆಗೆ ಶುರುವಾದ ಮಹಾ ಚಳಿ ಸುಮಾರು ಏಳು ವಾರ ಬಿಡಲಿಲ್ಲ. ನದಿಗಳು, ಸರೋವರಗಳು ಹೆಪ್ಪುಗಟ್ಟಿದವು. ಹಿಟ್ಟಿನ ಗಿರಣಿಗಳ ನೀರುಚಕ್ರಗಳು ನಿಂತವು. ಬಂದರುಗಳು ಕಟ್ಟಿಹೋಗಿ ಕಲ್ಲಿದ್ದಲು ಬರುವುದು ನಿಂತಿತು. ಹೊಲದಲ್ಲಿದ್ದ ಆಲೂಗಡ್ಡೆ ನೆಲದೊಳಗೇ ಕೊಳೆಯಿತು. ಚಳಿಯ ಹಿಂದೆಯೇ ಬರ ಬಂತು. 1740ರ ಏಪ್ರಿಲ್‌ನಲ್ಲಿ ಇದೇ ಡ್ರೋಹೆಡಾದ ಜನ ಓಟ್ಸ್ ಹಿಟ್ಟು ತುಂಬಿಕೊಂಡು ಸ್ಕಾಟ್‌ಲೆಂಡಿಗೆ ಹೊರಟಿದ್ದ ಹಡಗೊಂದನ್ನು ಹತ್ತಿ, ಅದರ ಚುಕ್ಕಾಣಿಯನ್ನೂ ಹಾಯಿಗಳನ್ನೂ ಕಿತ್ತುಹಾಕಿದರು. ಹಸಿದ ಊರಿನ ಕಣ್ಣೆದುರು ಕಾಳು ಹೊರಗೆ ಹೋಗದಂತೆ ತಡೆದರು. ಆ ಚಳಿಯಿಂದ ಹುಟ್ಟಿದ ಕ್ಷಾಮ ಮತ್ತು ರೋಗಕ್ಕೆ 1741ರ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತಿರಬೇಕೆಂದು ಇತಿಹಾಸಕಾರರ ಅಂದಾಜು. ಐರಿಷ್ ಜನರ ನೆನಪಿನಲ್ಲಿ ಅದು ಸಂಹಾರದ ವರ್ಷವೆಂದೇ ಉಳಿದಿದೆ. ಇಲ್ಲಿಯ ಸರೋವರದ ಮೇಲೆ ಗಾಡಿ ಹೋಗುವಷ್ಟು ಗಡ್ಡೆ ಕಟ್ಟಿತೆಂದರೆ ನಾಡಿಗೆ ದೊಡ್ಡ ಕೇಡು ಬಂದಿದೆಯೆಂದೇ ಅರ್ಥ.

ಇತ್ತೀಚಿನ ಕಥೆಗೆ ಬರೋಣ. 2010ರ ಡಿಸೆಂಬರ್ ನಿಮ್ಮಲ್ಲಿ ಹಳಬರಿಗೆ ನೆನಪಿರುತ್ತದೆ. ಆ ಕ್ರಿಸ್‌ಮಸ್ ದಿನ ಮೇಯೋ ಜಿಲ್ಲೆಯ ಸ್ಟ್ರೇಡ್‌ನಲ್ಲಿ ಮೈನಸ್ 17.5 ಡಿಗ್ರಿ ದಾಖಲಾಯಿತು. ಕಾಲುವೆಗಳು ಹೆಪ್ಪುಗಟ್ಟಿದವು, ಜನ ಮೇಲೆ ನಡೆದಾಡಿದರು. ಅಷ್ಟು ಚಳಿಯಲ್ಲಿ ಗಡ್ಡೆ ಎಷ್ಟು ದಪ್ಪವಾದೀತು? ಲೆಕ್ಕ ಕಷ್ಟದ್ದಲ್ಲ. ಮಂಜುಗಡ್ಡೆ ದಪ್ಪವಾದಂತೆಲ್ಲ ಮೇಲಿನ ಚಳಿಗೂ ಕೆಳಗಿನ ನೀರಿಗೂ ನಡುವೆ ಅದೇ ಅಡ್ಡವಾಗುತ್ತದೆ. ಹಾಗಾಗಿ ಬೆಳವಣಿಗೆ ನಿಧಾನವಾಗುತ್ತ ಹೋಗುತ್ತದೆ. ದಿನದ ಸರಾಸರಿ ಉಷ್ಣತೆ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗಿತ್ತೆಂಬುದನ್ನು ದಿನದಿನಕ್ಕೆ ಕೂಡಿಸಿ, ಮೊತ್ತದ ವರ್ಗಮೂಲ ತೆಗೆದು, ಹಿಮ ಮತ್ತು ಗಾಳಿಯನ್ನು ನೋಡಿಕೊಂಡು 1.7ರಿಂದ 2.7ರವರೆಗಿನ ಒಂದು ಸಂಖ್ಯೆಯಿಂದ ಗುಣಿಸಿದರೆ ಸೆಂಟಿಮೀಟರಿನಲ್ಲಿ ದಪ್ಪದ ಅಂದಾಜು ಸಿಗುತ್ತದೆ. ಹತ್ತು ದಿನ ಹಗಲೂ ರಾತ್ರಿ ಸೇರಿ ಸರಾಸರಿ ಮೈನಸ್ 5 ಇತ್ತೆನ್ನಿ. ಐರ್ಲೆಂಡಿಗೆ ಇದು ಭಯಂಕರ ಚಳಿ. ಮೊತ್ತ 50, ವರ್ಗಮೂಲ ಏಳು ಚಿಲ್ಲರೆ, ಗಡ್ಡೆಯ ದಪ್ಪ 12ರಿಂದ 19 ಸೆಂಟಿಮೀಟರ್. ಅದೂ ಸರೋವರದ ನೀರೆಲ್ಲ ಮೊದಲೇ ತಣಿದು ಗಡ್ಡೆ ಕಟ್ಟಲು ಸಿದ್ಧವಾಗಿದ್ದರೆ ಮಾತ್ರ.

ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈಗ ಗಡ್ಡೆ ಭಾರ ಹೊರುವ ಬಗೆಯನ್ನು ನೋಡೋಣ.

ಮಂಜುಗಡ್ಡೆಯೇ ನಮ್ಮನ್ನು ಹೊರುತ್ತದೆಂದು ನಾವು ತಿಳಿಯುತ್ತೇವೆ. ಹೊರುವುದು ಕೆಳಗಿನ ನೀರು. ಕಾರು ನಿಂತ ಕಡೆ ಗಡ್ಡೆ ಹಗ್ಗದ ಮಂಚದಂತೆ ಕೆಳಕ್ಕೆ ಬಾಗುತ್ತದೆ, ಆ ತಗ್ಗಿನಿಂದ ಪಕ್ಕಕ್ಕೆ ಸರಿದ ನೀರು ಮೇಲಕ್ಕೆ ಒತ್ತುತ್ತದೆ. ಭಾರವನ್ನು ಅಗಲಕ್ಕೆ ಹಂಚುವುದಷ್ಟೇ ಗಡ್ಡೆಯ ಕೆಲಸ. ಮಂಜುಗಡ್ಡೆ ನೀರಿಗಿಂತ ಹಗುರ, ಒಂದು ಘನ ಮೀಟರಿಗೆ ಸುಮಾರು 917 ಕಿಲೋ. ಹಾಗಾಗಿ 20 ಸೆಂಟಿಮೀಟರ್ ದಪ್ಪದ ಗಡ್ಡೆಯ ಒಂದು ಚದರ ಮೀಟರ್ ತುಂಡು ಮುಳುಗದೆ ಹೊರಬಲ್ಲ ಭಾರ ಹದಿನಾರು, ಹದಿನೇಳು ಕಿಲೋ ಮಾತ್ರ. ಒಂದೂವರೆ ಟನ್ನಿನ ಕಾರನ್ನು ತೇಲಿಸಲು ತೊಂಬತ್ತು ಚದರ ಮೀಟರ್ ಗಡ್ಡೆ ಬಿರುಕಿಲ್ಲದೆ ಒಂದಾಗಿ ದುಡಿಯಬೇಕು. ಒಂದು ಬಿರುಕು ಅಡ್ಡ ಬಂದು ಆ ಒಗ್ಗಟ್ಟನ್ನು ಒಡೆದರೆ ಸಾಕು, ಉಳಿದ ಗಡ್ಡೆ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಲಾರ್ನ್ ಗೋಲ್ಡ್ 1971ರಲ್ಲಿ ಕೊಟ್ಟ ಸೂತ್ರವೊಂದನ್ನು ಇಂದಿಗೂ ಗಡ್ಡೆ ರಸ್ತೆಗಳ ಎಂಜಿನಿಯರುಗಳು ಬಳಸುತ್ತಾರೆ. ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು, ವರ್ಗ ಮಾಡಿ, ನಾಲ್ಕರಿಂದ ಗುಣಿಸಿದರೆ ಸುರಕ್ಷಿತವಾಗಿ ಹೊರಬಲ್ಲ ಭಾರ ಕಿಲೋಗ್ರಾಮಿನಲ್ಲಿ ಬರುತ್ತದೆ. ಇಪ್ಪತ್ತು ಸೆಂಟಿಮೀಟರ್ 1,600 ಕಿಲೋ ಹೊರುತ್ತದೆ. ಅದರ ಅರ್ಧ, ಹತ್ತು ಸೆಂಟಿಮೀಟರ್, ಬರೀ 400 ಕಿಲೋ. ದಪ್ಪ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಈ ಹಾಲ್‌ನ ಹೊರಗೆ ನಿಂತಿರುವ ನಿಮ್ಮ ಎಲೆಕ್ಟ್ರಿಕ್ ಎಸ್‌ಯುವಿಗಳನ್ನು ಗಮನಿಸಿ. ಬ್ಯಾಟರಿ ಸೇರಿ ಎರಡು ಟನ್ ದಾಟಿದವು ಅವುಗಳಲ್ಲಿ ಹಲವು. ಅಂಥದ್ದಕ್ಕೆ 22, 23 ಸೆಂಟಿಮೀಟರ್ ಬೇಕು. ಐರ್ಲೆಂಡಿನ ಭಯಂಕರ ಚಳಿ ಕೊಡುವುದು 12ರಿಂದ 19. ಈ ದೇಶದ ಯಾವ ಸರೋವರವೂ ಕಾರಿಗೆ ತಕ್ಕದ್ದಲ್ಲ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಇದೂ ಒಳ್ಳೆಯ ಗಡ್ಡೆಯ ಲೆಕ್ಕ. ಒಳ್ಳೆಯ ಗಡ್ಡೆ ಗಾಜಿನಂತೆ ತಿಳಿಯಾಗಿರುತ್ತದೆ, ಕೆಳಗಿನ ಕತ್ತಲು ನೀರು ಕಂಡು ಕಪ್ಪಗೆ ತೋರುತ್ತದೆ. ಹಿಮ ಬಿದ್ದು, ನೆನೆದು, ಮತ್ತೆ ಹೆಪ್ಪುಗಟ್ಟಿದ್ದು ಬಿಳಿಯಾಗಿರುತ್ತದೆ. ಅದರೊಳಗೆ ಗಾಳಿಯ ಗುಳ್ಳೆಗಳು ತುಂಬಿರುತ್ತವೆ, ಬಲ ತಿಳಿ ಗಡ್ಡೆಯ ಅರ್ಧ ಮಾತ್ರ. ನೋಡುವವರ ಕಣ್ಣಿಗೆ ಇದು ತಿರುಗುಮುರುಗು. ಕಪ್ಪು ಕಂಡರೆ ಹೆದರುತ್ತೇವೆ, ಬೆಳ್ಳಗಿದ್ದರೆ ನೆಲವೆಂದು ನಂಬುತ್ತೇವೆ. ಹಗಲು ಕರಗಿ ರಾತ್ರಿ ಕಟ್ಟುವ ಇಲ್ಲಿಯ ಹವೆಯಲ್ಲಿ ಬಿಳಿ ಗಡ್ಡೆಯದೇ ಕಾರುಬಾರು. ಇದರ ಮೇಲೆ, ಒಂದು ಸರೋವರದ ಗಡ್ಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ತೊರೆ ಬಂದು ಸೇರುವಲ್ಲಿ, ಹೊಳೆಯಾಗಿ ಹೊರಡುವಲ್ಲಿ, ಸುಣ್ಣಕಲ್ಲಿನ ಸಂದಿಯಿಂದ ಒರತೆ ಏಳುವಲ್ಲಿ, ಜೊಂಡು ಬೆಳೆದಲ್ಲಿ, ಜೌಗಿನ ಗಿಡಗಂಟಿ ಕೊಳೆತು ಗುಳ್ಳೆ ಬಿಡುವಲ್ಲಿ ಅದು ತೆಳುವಾಗಿರುತ್ತದೆ. ಬಾಯ್ನ್ ನದಿಯ ಮಾತೇ ಬೇಡ. ಡ್ರೋಹೆಡಾ ದಾಟಿ ಓಲ್ಡ್‌ಬ್ರಿಜ್ ಕಡೆಗೂ ಸಮುದ್ರದ ಉಬ್ಬರ ಇಳಿತ ಮುಟ್ಟುತ್ತದೆ. ನೀರು ದಿನಕ್ಕೆ ಎರಡು ಸಲ ಏರಿ ಇಳಿಯುವಲ್ಲಿ ದಡದ ಅಂಚಿನ ಗಡ್ಡೆ ದಿನವೂ ಮುರಿಯುತ್ತದೆ.

ಇನ್ನು ವೇಗ. ನನಗೆ ಈ ಇಡೀ ವಿಷಯದಲ್ಲಿ ತುಂಬ ಮುಖ್ಯವೆನಿಸುವ ಭಾಗ ಇದು.

1941ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಮುತ್ತಿತು. ನವೆಂಬರ್‌ನಲ್ಲಿ ಪಕ್ಕದ ಲಡೋಗ ಸರೋವರ ಹೆಪ್ಪುಗಟ್ಟಿದಾಗ, ಮುತ್ತಿಗೆಯೊಳಗಿನ ಜನರಿಗೆ ಆಹಾರ ಮುಟ್ಟಿಸಲು ಸೋವಿಯತ್ ಕಡೆಯವರು ಅದರ ಮೇಲೆ ದಾರಿ ಮಾಡಿದರು. ನವೆಂಬರ್ 22ರಂದು ಲಾರಿಗಳ ಮೊದಲ ಸಾಲು ಹೊರಟಿತು. ಗಾಜ್ ಕಂಪನಿಯ ಒಂದೂವರೆ ಟನ್ನಿನ ಲಾರಿಗಳು, ಮೊದಮೊದಲು ತುಂಬುತ್ತಿದ್ದುದು ಕೆಲವೇ ಮೂಟೆ. ಗಡ್ಡೆ ಒಡೆದರೆ ಹಾರಿಕೊಳ್ಳಲೆಂದು ಚಾಲಕರು ಬಾಗಿಲು ತೆರೆದಿಟ್ಟೇ ಓಡಿಸುತ್ತಿದ್ದರು. ಆ ಚಳಿಯಲ್ಲಿ, ಬಾಂಬುಗಳ ನಡುವೆ. ಆದರೂ ಲಾರಿಗಳು ಮುಳುಗುತ್ತಿದ್ದವು. ಮೊದಲು ಭಾರದ ಗಾಡಿ ಹೋದ ಜಾಗದಲ್ಲೇ ಹಗುರ ಗಾಡಿ ಬೀಳುವುದೂ ಉಂಟಾಯಿತು. ಭೌತವಿಜ್ಞಾನಿ ನೌಮ್ ರೈನೊವ್ ಮತ್ತು ಜೊತೆಯವರು ಗಡ್ಡೆಯ ಬಾಗುವಿಕೆಯನ್ನು ತಾನಾಗಿ ಬರೆದಿಡುವ ಉಪಕರಣ ಮಾಡಿ ಸರೋವರದ ಮೇಲೆ ಇಟ್ಟರು. ಕಾರಣ ಕಾಗದದ ಮೇಲೆ ಮೂಡಿತು.

ಗಾಡಿ ಓಡುವಾಗ ಅದರ ಕೆಳಗಿನ ತಗ್ಗೂ ಜೊತೆಗೇ ಓಡುತ್ತದೆ, ನೀರಿನಲ್ಲಿ ಅಲೆ ಎಬ್ಬಿಸುತ್ತದೆ. ಆಳ ಕಡಿಮೆಯಿದ್ದಲ್ಲಿ ಆ ಅಲೆಯ ವೇಗವನ್ನು ನಿರ್ಧರಿಸುವುದು ನೀರಿನ ಆಳ. ಐದು ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 25 ಕಿಲೋಮೀಟರ್, ಹತ್ತು ಮೀಟರ್ ಆಳದಲ್ಲಿ ಸುಮಾರು 36. ಗಾಡಿಯ ವೇಗವೂ ಅಲೆಯ ವೇಗವೂ ಒಂದಾದರೆ ಅಲೆಗೆ ಚದುರಿ ಹೋಗಲು ದಾರಿಯಿಲ್ಲ. ಗಾಡಿ ಕೊಡುವ ಶಕ್ತಿಯೆಲ್ಲ ಅದರಲ್ಲೇ ತುಂಬುತ್ತ, ಗಡ್ಡೆ ಹೆಚ್ಚು ಹೆಚ್ಚು ಬಾಗುತ್ತ ಹೋಗುತ್ತದೆ. ಲಡೋಗದಲ್ಲಿ ಆ ಅಪಾಯದ ವೇಗ ಗಂಟೆಗೆ 35 ಕಿಲೋಮೀಟರ್ ಆಸುಪಾಸು ಎಂದು ಕಂಡುಕೊಂಡರು. ಅದನ್ನು ಬಿಟ್ಟು ಓಡಿಸಲು ಚಾಲಕರಿಗೆ ಹೇಳಿದರು. 1942ರ ಏಪ್ರಿಲ್‌ವರೆಗೆ ಆ ದಾರಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಮುತ್ತಿಗೆಯಿಂದ ಹೊರಗೆ ಸಾಗಿಸಿದರು. ಆ ಚಾಲಕರ ಧೈರ್ಯಕ್ಕೆ ತಲೆಬಾಗುತ್ತೇನೆ. ಆ ಧೈರ್ಯದ ಬೆನ್ನಿಗೆ ಅಳತೆ ಇತ್ತು, ಹಸಿದು ಸಾಯುತ್ತಿದ್ದ ಒಂದು ನಗರವಿತ್ತು ಎಂಬುದನ್ನೂ ಮರೆಯಬಾರದು.

ಇವತ್ತು ಎಸ್ಟೋನಿಯದಲ್ಲಿ ಚಳಿ ಸಾಕಷ್ಟಿದ್ದ ವರ್ಷ ಸರ್ಕಾರವೇ ಸಮುದ್ರದ ಗಡ್ಡೆಯ ಮೇಲೆ ರಸ್ತೆ ತೆರೆಯುತ್ತದೆ. ಹಿಯುಮಾ ದ್ವೀಪಕ್ಕೆ ಹೋಗುವುದು ಸುಮಾರು 26 ಕಿಲೋಮೀಟರ್ ಉದ್ದ. ಅಲ್ಲಿಯ ನಿಯಮಗಳನ್ನು ಕೇಳಿ. ಗಡ್ಡೆ ಕನಿಷ್ಠ 22 ಸೆಂಟಿಮೀಟರ್ ಇರಬೇಕು. ಗಾಡಿ ಎರಡೂವರೆ ಟನ್ ಮೀರಬಾರದು. ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಇಲ್ಲವೇ 40ರಿಂದ 70ರ ನಡುವೆ ಓಡಿಸಬೇಕು. ನಡುವಿನ ವೇಗ ನಿಷಿದ್ಧ. ಎರಡು ಗಾಡಿಗಳ ನಡುವೆ 250 ಮೀಟರ್ ಬಿಡಬೇಕು. ಮಧ್ಯೆ ನಿಲ್ಲಿಸುವಂತಿಲ್ಲ. ಸೀಟ್ ಬೆಲ್ಟ್ ಹಾಕುವಂತಿಲ್ಲ, ಮುಳುಗಿದರೆ ಅದೇ ಪಾಶವಾಗುತ್ತದೆ. ಇವುಗಳಲ್ಲಿ ಹೆಚ್ಚಿನ ನಿಯಮಗಳ ಹಿಂದೆ ನಾನು ಈಗ ಹೇಳಿದ ಭೌತವಿಜ್ಞಾನವಿದೆ. ನಿಲ್ಲಿಸಬಾರದೇಕೆಂದರೆ, ಭಾರ ಒಂದೇ ಕಡೆ ಕೂತರೆ ಗಡ್ಡೆ ಗಂಟೆ ಗಂಟೆಗೆ ಇನ್ನಷ್ಟು ಕುಸಿಯುತ್ತದೆ. ಫೋಟೋ ತೆಗೆಯಲೆಂದು ಮೂರು ಗಾಡಿಗಳನ್ನು ಒತ್ತೊತ್ತಾಗಿ ನಿಲ್ಲಿಸುವುದು ಇದಕ್ಕಿಂತ ಕೆಟ್ಟದ್ದು.

ಅಲ್ಲಿ ದಿನವೂ ಗಡ್ಡೆಗೆ ತೂತು ಕೊರೆದು, ಕೊಕ್ಕೆಯ ಕೋಲು ಇಳಿಸಿ ದಪ್ಪ ಅಳೆಯುವವರಿದ್ದಾರೆ. ದಾರಿ ಮುಚ್ಚುವ ಅಧಿಕಾರ ಇರುವವರಿದ್ದಾರೆ. ಐರ್ಲೆಂಡಿನ ಸರೋವರದಲ್ಲಿ, ಪ್ಯಾಂಗಾಂಗಿನ ದಡದಲ್ಲಿ ನಿಂತ ಪ್ರವಾಸಿಗೆ ಅಳತೆಯ ಬದಲು ಇರುವುದು ಒಂದೇ ಸಾಕ್ಷಿ: ಮುಂದೆ ಹೋದ ಗಾಡಿ. ಅದು ದಾಟಿತು, ನನ್ನದೂ ದಾಟುತ್ತದೆ. ಈ ಸಾಕ್ಷಿ ಸುಳ್ಳು. ಮುಂದಿನ ಗಾಡಿಯ ಭಾರ ಬೇರೆ, ವೇಗ ಬೇರೆ, ಅದು ಹೋದ ಹೊತ್ತು ಬೇರೆ. ಅಷ್ಟೇ ಅಲ್ಲ, ಅದು ಹೋಗುವಾಗ ಕಣ್ಣಿಗೆ ಕಾಣದ ಬಿರುಕುಗಳನ್ನು ಬಿಟ್ಟು ಹೋಗಿರುತ್ತದೆ. ನಿಮಗೆ ಸಿಗುವುದು ಅದು ದಾಟಿದ ಗಡ್ಡೆಯಲ್ಲ, ಅದು ದಣಿಸಿದ ಗಡ್ಡೆ.

ನಮ್ಮವರಿಗೆ ಈ ಸಾಕ್ಷಿಯ ಪರಿಚಯ ಚೆನ್ನಾಗಿದೆ. ಮಳೆಗಾಲದಲ್ಲಿ ಮುಳುಗು ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ಬಸ್ಸು ದಾಟಿತೆಂದು ಬೈಕು ಇಳಿಸುವವರನ್ನು ಎಲ್ಲರೂ ನೋಡಿದ್ದೇವೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಕ್ಕಿಕೊಂಡು ಯುವತಿಯೊಬ್ಬರು ತೀರಿಕೊಂಡರು. ವಿಧಾನಸೌಧದಿಂದ ಕೂಗಳತೆಯ ದೂರ. ಆ ನೀರು ಎಷ್ಟು ಆಳವೆಂದು ಅಳೆದು, ದಾರಿ ಮುಚ್ಚಬೇಕಾದವರು ಅಲ್ಲಿರಲಿಲ್ಲ. ಹೀಗೆ ಸತ್ತವರನ್ನು ಹುಂಬರೆಂದು ಬೈದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ನೀರಿನ ಮೇಲಿನ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂದು ಹೇಳುವುದು ಆಡಳಿತದ ಕೆಲಸ, ಒಂಟಿ ಚಾಲಕನ ಊಹೆಗೆ ಬಿಡುವ ಸಂಗತಿಯಲ್ಲ.

ಕಾರು ಒಳಗೆ ಬಿದ್ದರೆ ಏನಾಗುತ್ತದೆ? ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಕಾರುಗಳನ್ನು ನೀರಿಗಿಳಿಸಿ ಇದನ್ನೇ ಅಭ್ಯಾಸ ಮಾಡಿದವರು. ಕಾರು ತಕ್ಷಣ ಮುಳುಗುವುದಿಲ್ಲ, ಅರ್ಧ ನಿಮಿಷದಿಂದ ಎರಡು ನಿಮಿಷ ತೇಲುತ್ತದೆ. ಎಂಜಿನ್ ಇರುವ ಮೂತಿ ಮೊದಲು ಬಾಗುತ್ತದೆ. ನೀರು ಕಿಟಕಿಯ ಕೆಳ ಅಂಚಿಗೆ ಬರುವಷ್ಟರಲ್ಲಿ ಗಾಜು ಇಳಿಸಬೇಕು. ಆಮೇಲೆ ಹೊರಗಿನ ಒತ್ತಡಕ್ಕೆ ಗಾಜು ಜಾರುವುದಿಲ್ಲ, ಬಾಗಿಲಂತೂ ತೆರೆಯುವುದೇ ಇಲ್ಲ. ಅದಕ್ಕೂ ಮುಂಚೆಯೇ ಬಾಗಿಲು ತೆರೆದುಬಿಟ್ಟರೂ ನೀರು ಒಮ್ಮೆಲೇ ನುಗ್ಗಿ ಹಿಂದೆ ಕೂತ ಮಕ್ಕಳು ಉಳಿಯುವುದು ಕಷ್ಟ. ಅವರು ಹೇಳುವ ಕ್ರಮ ಇದು: ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ದೊಡ್ಡವರಿಂದ ಶುರು ಮಾಡಿ ಮೊದಲು ಹೊರಗೆ ತಳ್ಳಿ, ನೀವೂ ಹೊರಬನ್ನಿ. ಫೋನ್ ಮಾಡುತ್ತ ಕೂರಬೇಡಿ, ಆ ಒಂದು ನಿಮಿಷವೇ ಪ್ರಾಣ. ಹೊಸ ಕಾರುಗಳಲ್ಲಿ ಹಲವಕ್ಕೆ ಪಕ್ಕದ ಗಾಜೂ ಪದರದ ಗಾಜು, ಸುತ್ತಿಗೆಗೆ ಒಡೆಯುವುದಿಲ್ಲ. ಮನೆಗೆ ಹೋಗಿ ನಿಮ್ಮ ಕಾರಿನ ಗಾಜು ಯಾವುದೆಂದು ನೋಡಿ.

ಹೊರಬಂದ ಮೇಲೆ ತಣ್ಣೀರು. ಮೊದಲ ಒಂದು ನಿಮಿಷ ಏದುಸಿರು ಬರುತ್ತದೆ, ಅದನ್ನು ಹತೋಟಿಗೆ ತರಬೇಕು. ಮುಂದಿನ ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಒಂದು ಗಂಟೆ ಹಿಡಿಯಬಹುದು. ಬಂದ ದಿಕ್ಕಿಗೇ ತಿರುಗಿ, ಮೊಣಕೈ ಗಡ್ಡೆಯ ಮೇಲೆ ಊರಿ, ಕಾಲು ಬಡಿಯುತ್ತ ಮೈಯನ್ನು ಅಡ್ಡಡ್ಡ ಮಾಡಿಕೊಂಡು ಮೇಲೆ ಜಾರಬೇಕು. ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಹೋಗಬೇಕು. ನಿಮ್ಮಲ್ಲಿ ಇಲ್ಲಿಯ ಲೂರ್ಡ್ಸ್ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಮುಂದಿನದನ್ನು ನಾನು ಹೇಳಿಕೊಡಬೇಕಾಗಿಲ್ಲ. 1999ರಲ್ಲಿ ನಾರ್ವೆಯ ನಾರ್ವಿಕ್ ಬಳಿ ಆನಾ ಬೋಗೆನ್‌ಹೋಮ್ ಎಂಬ ವೈದ್ಯೆ ಗಡ್ಡೆಯ ಕೆಳಗಿನ ತೊರೆಯಲ್ಲಿ 80 ನಿಮಿಷ ಸಿಕ್ಕಿಕೊಂಡಿದ್ದರು. ಮೈಯ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ಬದುಕಿದರು, ಮತ್ತೆ ವೈದ್ಯವೃತ್ತಿಗೆ ಮರಳಿದರು. ಮೈ ಬೆಚ್ಚಗಾಗುವ ಮೊದಲು ಯಾರನ್ನೂ ಸತ್ತರೆಂದು ಕೈಬಿಡಬಾರದು.

ಚಳಿ ಕಡಿಮೆಯಾಗುತ್ತಿದೆ, ಇನ್ನು ಈ ಅಪಾಯವೂ ಕಡಿಮೆಯೇ ಎಂದು ಕೇಳುವವರಿದ್ದಾರೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮಾ ಮತ್ತು ಸಂಗಡಿಗರು ಹತ್ತು ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಚಳಿಗಾಲದ ಮುಳುಗು ಸಾವುಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಉತ್ತರ. ಚಳಿಗಾಲದ ಉಷ್ಣತೆ ಮೈನಸ್ 5ರಿಂದ ಸೊನ್ನೆಯ ನಡುವೆ ಇದ್ದಾಗಲೇ ಸಾವು ಹೆಚ್ಚು. ಕೆನಡಾ, ಫಿನ್‌ಲ್ಯಾಂಡುಗಳ ಹವೆ ಐರ್ಲೆಂಡಿನ ಹವೆಯ ಕಡೆಗೆ ಸರಿಯುತ್ತಿದೆ, ಜನರ ರೂಢಿ ಮಾತ್ರ ಹಳೆಯ ಚಳಿಯದ್ದು. ಅಜ್ಜ ಡಿಸೆಂಬರ್‌ನಲ್ಲಿ ದಾಟುತ್ತಿದ್ದ ಸರೋವರವನ್ನು ಮೊಮ್ಮಗನೂ ಡಿಸೆಂಬರ್‌ನಲ್ಲೇ ದಾಟಲು ಹೋಗುತ್ತಾನೆ. 2024ರ ಫೆಬ್ರವರಿಯಲ್ಲಿ ಉತ್ತರ ಒಂಟಾರಿಯೊದ ಮೂಲನಿವಾಸಿ ಸಮುದಾಯಗಳು ಗಡ್ಡೆ ರಸ್ತೆಗಳು ಗಟ್ಟಿಯಾಗಲಿಲ್ಲವೆಂದು ತುರ್ತು ಪರಿಸ್ಥಿತಿ ಘೋಷಿಸಿದವು. ಅವರಿಗೆ ಅದು ಮೋಜಿನ ದಾರಿಯಲ್ಲ, ಇಂಧನವೂ ಮನೆ ಕಟ್ಟುವ ಸಾಮಾನೂ ಬರುವ ದಾರಿ.

ಕೊನೆಗೆ ಒಂದು ಕೋರಿಕೆ. ಈ ದೇಶದಲ್ಲಿ ಯಾರಾದರೂ ನೀರಿಗೆ, ಗಡ್ಡೆಯೊಳಗೆ ಬಿದ್ದರೆ 112 ಅಥವಾ 999ಕ್ಕೆ ಕರೆ ಮಾಡಿ ಕೋಸ್ಟ್ ಗಾರ್ಡ್ ಬೇಕೆಂದು ಕೇಳಬೇಕು, ಸರೋವರವಾದರೂ ಸರಿಯೇ. ನೀವು ಗಡ್ಡೆಯ ಮೇಲೆ ಇಳಿಯಬೇಡಿ. ದಡದಿಂದಲೇ ಹಗ್ಗ, ಕೊಂಬೆ, ಸೀರೆ, ದಡದಲ್ಲಿ ತೂಗುಹಾಕಿದ ರಿಂಗ್ ಬಾಯ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಡ್ರೋಹೆಡಾದಲ್ಲಿ ಬಾಯ್ನ್ ಫಿಶರ್‌ಮೆನ್ಸ್ ರೆಸ್ಕ್ಯೂ ಅಂಡ್ ರಿಕವರಿ ಸರ್ವಿಸ್ ಎಂಬ ಸ್ವಯಂಸೇವಕರ ತಂಡವಿದೆ, ನದಿಯನ್ನು ಬಲ್ಲವರು. ಈ ದತ್ತಿಯ ಬಡ್ಡಿಹಣದಲ್ಲಿ ನನಗೆ ಕೊಡಲಿರುವ ಗೌರವಧನವನ್ನು ನಾನು ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಎಸೆಯುವ ಹಗ್ಗದ ಚೀಲಗಳನ್ನು ಕೊಂಡು, ಡಿಸೆಂಬರಿಗೆ ಮುಂಚೆ ಒಂದು ಭಾನುವಾರ ಆ ತಂಡದವರನ್ನು ಕರೆಸಿ, ನಮ್ಮ ಮಕ್ಕಳಿಗೂ ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರಿಗೂ ಎಸೆಯುವುದನ್ನು ಅಭ್ಯಾಸ ಮಾಡಿಸಬೇಕೆಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ. ಎಸ್ಟೋನಿಯಕ್ಕೋ ಲಡಾಖಿಗೋ ಹೊರಟವರು ಇದ್ದರೆ ದಯವಿಟ್ಟು ಊಟಕ್ಕೆ ಮುಂಚೆ ನನ್ನನ್ನು ಕಾಣಿ. ನಿಮ್ಮ ಗಾಡಿಯ ತೂಕ, ಹೋಗುವ ತಿಂಗಳು ಹೇಳಿದರೆ ಕೂತು ಲೆಕ್ಕ ಹಾಕೋಣ.